ಬಿ.ಇಡಿ. ಅರ್ಜಿ ತುಂಬುವ ಮುನ್ನ: ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಪದವೀಧರರಿಗೆ

ಪ್ರತಿ ವರ್ಷ ಪದವಿಯ ಫಲಿತಾಂಶ ಬಂದ ಮೇಲೆ ನಮ್ಮ ಮನೆಯ ಕಟ್ಟೆಗೆ ಒಬ್ಬಿಬ್ಬರಾದರೂ ಬಂದು ಕೂರುತ್ತಾರೆ. ಈ ಸಲ ಬಂದವನು ಕಾರಟಗಿ ಕಡೆಯ ಹುಡುಗ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿದೆ. ತೋರಣಗಲ್ಲಿನಲ್ಲಿ ಗುತ್ತಿಗೆದಾರರೊಬ್ಬರ ಬಳಿ ಏಳು ತಿಂಗಳು ದುಡಿದಿದ್ದಾನೆ, ಬೆಂಗಳೂರಿಗೆ ಹೋಗಿ ಮನೆಮನೆಗೆ ಊಟ ತಲುಪಿಸಿದ್ದಾನೆ, ಈಗ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. "ಬಿ.ಇಡಿ. ಮಾಡಿಬಿಡ್ಲೇನ್ರಿ ಸರ? ಮನ್ಯಾಗ ಎಲ್ಲಾರೂ ಮಾಸ್ತರ ಆಗು ಅಂತಾರ" ಎಂದು ಕೇಳಿದ. ಆ ಪ್ರಶ್ನೆಯಲ್ಲಿದ್ದ "ಮಾಡಿಬಿಡ್ಲೇನು" ಎಂಬ ಮಾತು ನನ್ನನ್ನು ಕಾಡಿತು. ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಈ ಬಾಗಿಲಿಗೆ ಬಂದವನ ಮಾತು ಅದು. ಹಾಗೆ ಬಂದು ಒಳ್ಳೆಯ ಶಿಕ್ಷಕರಾದವರನ್ನು ನಾನು ನೋಡಿದ್ದೇನೆ. ಎರಡು ವರ್ಷವನ್ನೂ ತಂದೆಯ ಹಣವನ್ನೂ ಕಳೆದುಕೊಂಡು ಮತ್ತೆ ಗಿರಣಿಗೇ ಮರಳಿದವರನ್ನೂ ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ, ಮಾಡಬೇಕಾದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮೂರು ತಿಂಗಳು ಕಲಿಸಿ ನೋಡಿ

ಅರ್ಜಿ, ಶುಲ್ಕ, ಕಾಲೇಜು ಇವೆಲ್ಲ ಆಮೇಲಿನ ಮಾತು. ನಿಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಗುರುಗಳನ್ನು ಕಂಡು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಒಪ್ಪಿಗೆ ಪಡೆದು, ವಾರಕ್ಕೆ ಎರಡು ದಿನ ಒಂದೊಂದು ತಾಸು ಕಲಿಸಲು ಅವಕಾಶ ಕೇಳಿಕೊಳ್ಳಿ. ನೌಕರಿಯಲ್ಲಿದ್ದವರಿಗೆ ಶನಿವಾರದ ಬೆಳಗಿನ ಶಾಲೆ ಅನುಕೂಲವಾಗುತ್ತದೆ. ಶಿಕ್ಷಕರ ಕೊರತೆ ಇರುವ ಶಾಲೆಯಲ್ಲಿ ಇಂಥ ಕೋರಿಕೆಗೆ ಇಲ್ಲವೆನ್ನುವವರು ಕಡಿಮೆ. ಅದು ಸಾಧ್ಯವಾಗದಿದ್ದರೆ ಗುಡಿಯ ಕಟ್ಟೆಯ ಮೇಲೋ ಸಮುದಾಯ ಭವನದಲ್ಲೋ ಓಣಿಯ ಹತ್ತು ಮಕ್ಕಳನ್ನು ಸಂಜೆ ಕೂರಿಸಿಕೊಂಡರೂ ಆದೀತು. ಆದರೆ ಚುರುಕಾದ ಮಕ್ಕಳನ್ನಷ್ಟೇ ಆರಿಸಿಕೊಳ್ಳಬೇಡಿ. ತಾವಾಗಿಯೇ ಕಲಿಯುವ ಮಕ್ಕಳಿಗೆ ಕಲಿಸಿ ನೋಡಿದರೆ ನಿಮ್ಮ ಬಗ್ಗೆ ನಿಮಗೆ ಏನೂ ತಿಳಿಯುವುದಿಲ್ಲ.

ಏನನ್ನು ಗಮನಿಸಬೇಕು ಎಂಬುದಕ್ಕೆ ನನ್ನದೇ ಒಂದು ತರಗತಿಯನ್ನು ಹೇಳುತ್ತೇನೆ. ಅತಿಥಿ ಶಿಕ್ಷಕನಾಗಿದ್ದ ಮೊದಲ ವರ್ಷ ನಾಲ್ಕನೆಯ ತರಗತಿಗೆ 403ರಿಂದ 128 ಕಳೆಯಲು ಕೊಟ್ಟಿದ್ದೆ. ಹದಿನಾರು ಪಾಟಿಗಳಲ್ಲಿ ಒಂಬತ್ತರ ಮೇಲೆ 325 ಎಂದಿತ್ತು. ಮೊದಲು ಸಿಟ್ಟು ಬಂತು. ಆಮೇಲೆ, ಒಂಬತ್ತು ಮಕ್ಕಳು ಒಂದೇ ತಪ್ಪನ್ನು ಹೇಗೆ ಮಾಡಿದರು ಎಂದು ಯೋಚಿಸುತ್ತ ಕುಳಿತೆ. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದರು: ಎಂಟರಲ್ಲಿ ಮೂರು ಹೋದರೆ ಐದು, ಎರಡರಲ್ಲಿ ಸೊನ್ನೆ ಹೋದರೆ ಎರಡು, ನಾಲ್ಕರಲ್ಲಿ ಒಂದು ಹೋದರೆ ಮೂರು. ಅವರ ದೃಷ್ಟಿಯಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಹಲಗೆಯ ಮೇಲೆ ದಶಕ ತೆಗೆದುಕೊಳ್ಳುವುದನ್ನು ಮೂರು ಸಲ ಹೇಳಿದರೂ ಮುಖಗಳು ಅರಳಲಿಲ್ಲ. ಸಂತೆಯಲ್ಲಿ ತಾಯಿಯ ಜೊತೆ ಕಾಯಿಪಲ್ಯೆ ಮಾರಲು ಕೂರುತ್ತಿದ್ದ ಹುಡುಗಿಯೊಬ್ಬಳನ್ನು ಕರೆದು, "ನಿನ್ನ ಹತ್ರ ನಾಲ್ಕು ನೂರರ ನೋಟು, ಮೂರು ರೂಪಾಯಿ ಅದಾವ. ನೂರಾ ಇಪ್ಪತ್ತೆಂಟು ಕೊಡಬೇಕು. ಏನ್ ಮಾಡ್ತಿ?" ಎಂದು ಕೇಳಿದೆ. "ನೂರರ ನೋಟು ಚಿಲ್ಲರ ಮಾಡಸಬೇಕ್ರಿ ಸರ. ಹತ್ತರ ಒಂದು ನೋಟು ಮತ್ತ ಮುರಿಸಬೇಕು" ಎಂದಳು. ಇಡೀ ಪಾಠ ಆ ಮಾತಿನಲ್ಲಿತ್ತು. ಆ ದಿನ ಅವಳೇ ಹಲಗೆಯ ಬಳಿ ನಿಂತು ಉಳಿದವರಿಗೆ 275 ಬರುವುದನ್ನು ತೋರಿಸಿದಳು.

ಮಗು 325 ಎಂದು ಬರೆದಾಗ "ಇದು ಯಾಕೆ ಹೀಗೆ ಬರೆಯಿತು" ಎಂಬ ಕುತೂಹಲ ನಿಮ್ಮಲ್ಲಿ ಏಳುತ್ತದೆಯೇ, ಅದೇ ಪಾಠವನ್ನು ನಾಲ್ಕನೆಯ ಬಾರಿ ಬೇರೆ ದಾರಿಯಿಂದ ಹೇಳುವ ತಾಳ್ಮೆ ಉಳಿಯುತ್ತದೆಯೇ, ತಾಸು ಮುಗಿದ ಮೇಲೆ ದಣಿವಿನ ಜೊತೆಗೆ ನಾಳೆಯ ಯೋಚನೆಯೂ ಬರುತ್ತದೆಯೇ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುತ್ತ ಹೋಗಿ. ಮೂರು ತಿಂಗಳ ಕೊನೆಗೆ ಆ ವಹಿಯನ್ನು ನೀವೇ ಓದಿ. ಬರೀ ಬೇಸರವೇ ಕಂಡರೆ ಈ ದಾರಿಯನ್ನು ಇಲ್ಲಿಗೇ ಬಿಡುವುದು ನಿಮಗೂ ಒಳ್ಳೆಯದು, ಮುಂದಿನ ಮೂವತ್ತು ವರ್ಷ ನಿಮ್ಮ ಎದುರು ಕೂರಬೇಕಾದ ಮಕ್ಕಳಿಗೂ ಒಳ್ಳೆಯದು.

ಎರಡನೆಯ ಹೆಜ್ಜೆ: ಯಾವ ತರಗತಿಗೆ ಎಂಬುದು ಮೊದಲು, ಯಾವ ಕೋರ್ಸು ಎಂಬುದು ಆಮೇಲೆ

ಬಹಳ ಜನ ಎಡವುವುದು ಇಲ್ಲಿಯೇ. ಬಿ.ಇಡಿ. ಮಾಡಿದರೆ ಎಲ್ಲ ತರಗತಿಗಳಿಗೂ ಕಲಿಸಬಹುದು ಎಂದು ನಂಬಿದವರು ನಮ್ಮ ಕಡೆ ಇಂದಿಗೂ ಇದ್ದಾರೆ. 2018ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಒಂದರಿಂದ ಐದನೆಯ ತರಗತಿಗೂ ಬಿ.ಇಡಿ. ಪದವೀಧರರಿಗೆ ಅವಕಾಶ ಕೊಟ್ಟಿದ್ದು ನಿಜ. ಆದರೆ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೀಗಾಗಿ ಒಂದರಿಂದ ಐದನೆಯ ತರಗತಿಗೆ ಕಲಿಸಬೇಕೆನ್ನುವವರು ಪಿಯುಸಿ ನಂತರದ ಎರಡು ವರ್ಷದ ಡಿ.ಇಎಲ್.ಇಡಿ., ಅಂದರೆ ಜನರು ಇನ್ನೂ ಡಿ.ಇಡಿ. ಎಂದೇ ಕರೆಯುವ ಕೋರ್ಸನ್ನು ಮಾಡಿ, ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಮೊದಲ ಪತ್ರಿಕೆಯಲ್ಲಿ ಅರ್ಹರಾಗಬೇಕು. ಚಿಕ್ಕ ಮಕ್ಕಳ ಜೊತೆ ಚೆನ್ನಾಗಿ ಬೆರೆಯುವವರು ಇದನ್ನು ಕೀಳೆಂದು ಬಿಡಬಾರದು. ನಲಿ-ಕಲಿಯ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಓದು ಬರಹ ಕಲಿಸುವ ಕೆಲಸ, ನನ್ನ ತಿಳಿವಳಿಕೆಯಲ್ಲಿ, ಪ್ರೌಢಶಾಲೆಯ ನನ್ನ ಕೆಲಸಕ್ಕಿಂತ ಕಷ್ಟದ್ದು.

ಆರರಿಂದ ಎಂಟನೆಯ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪದವಿ, ಶಿಕ್ಷಕ ತರಬೇತಿ ಮತ್ತು ಟಿಇಟಿಯ ಎರಡನೆಯ ಪತ್ರಿಕೆ ಬೇಕು. ಇಲ್ಲಿ ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳ ಜೋಡಿಯೇ ನೀವು ಯಾವ ಹುದ್ದೆಗೆ ಅರ್ಹರು ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಇಳಿಸಿಕೊಂಡು, ಅದರಲ್ಲಿನ ವಿದ್ಯಾರ್ಹತೆಯ ಕೋಷ್ಟಕದ ಪಕ್ಕದಲ್ಲಿ ನಿಮ್ಮ ಅಂಕಪಟ್ಟಿಗಳನ್ನಿಟ್ಟು ಸಾಲುಸಾಲಾಗಿ ಹೋಲಿಸಿ. ಪ್ರೌಢಶಾಲೆಯ ಸಹ ಶಿಕ್ಷಕರ ಹುದ್ದೆಗೆ ಪದವಿ ಮತ್ತು ಬಿ.ಇಡಿ. ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಮತ್ತು ಬಿ.ಇಡಿ., ಪದವಿ ಕಾಲೇಜಿಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲೊಂದು ಅಥವಾ ಪಿಎಚ್.ಡಿ. ಬೇಕು. ನವೋದಯ ಮತ್ತು ಕೇಂದ್ರೀಯ ವಿದ್ಯಾಲಯಗಳನ್ನು ಬಯಸುವವರು ಕೇಂದ್ರ ಮಟ್ಟದ ಟಿಇಟಿಯಾದ ಸಿಟಿಇಟಿಯನ್ನೂ ಬರೆದಿಟ್ಟುಕೊಳ್ಳಬೇಕು.

ವಿಷಯದ ಆಯ್ಕೆಯ ಬಗ್ಗೆ ಒಂದು ಮಾತು. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕದವು. ಪದವೀಧರರು ಕೆಲಸವಿಲ್ಲವೆಂದು ಅಲೆಯುತ್ತಿದ್ದ ಕಾಲದಲ್ಲಿಯೇ ಅರ್ಹರು ಸಾಕಷ್ಟು ಸಿಗದೆ ಆಯ್ಕೆಪಟ್ಟಿ ಹದಿಮೂರು ಸಾವಿರದ ಆಸುಪಾಸಿನಲ್ಲಿ ನಿಂತಿತು. ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್ ಕಲಿಸಬಲ್ಲವರನ್ನು ಸರ್ಕಾರಿ ಶಾಲೆಗಳೂ ಖಾಸಗಿ ಶಾಲೆಗಳೂ ಈ ಭಾಗದಲ್ಲಿ ಹುಡುಕುತ್ತಲೇ ಇರುತ್ತವೆ. ಸಮಾಜ ವಿಜ್ಞಾನ ಮತ್ತು ಕನ್ನಡದಲ್ಲಿ ಸ್ಪರ್ಧೆ ದಟ್ಟವಾಗಿರುತ್ತದೆ. ಕನ್ನಡ ಎಂ.ಎ. ಮಾಡಿದವರನ್ನು ಹಿಂದಕ್ಕೆ ಕಳಿಸಲು ಇದನ್ನು ಹೇಳುತ್ತಿಲ್ಲ. ಕಾಯಬೇಕಾದ ಕಾಲ ಅವರಿಗೆ ಹೆಚ್ಚು ಎಂದು ತಿಳಿದೇ ಹೊರಡಲಿ ಎಂದು ಹೇಳುತ್ತಿದ್ದೇನೆ.

ಮೂರನೆಯ ಹೆಜ್ಜೆ: ಮನೆಯವರ ಜೊತೆ ಕುಳಿತು ವರ್ಷಗಳ ಲೆಕ್ಕ ಹಾಕಿ

ಬಿ.ಇಡಿ. ಈಗ ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳ ಓದು. ಆದರೆ ಮನೆಯವರಿಗೆ "ಎರಡು ವರ್ಷ ತಡೀರಿ" ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವ ಹಬ್ಬವಲ್ಲ. 2022ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರು, ಪಟ್ಟಿಯ ಮೇಲೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದದ್ದರಿಂದ, ನೇಮಕಾತಿ ಆದೇಶಕ್ಕಾಗಿ 2023ರವರೆಗೆ ಕಾಯಬೇಕಾಯಿತು. 2024ರ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಹೊರಡಿಸದಿರಲು ಸರ್ಕಾರ ತೀರ್ಮಾನಿಸಿದಾಗ ಮತ್ತೆ ಕಾಯುವ ಕಾಲ ಬಂತು. ಹೀಗಾಗಿ ತರಬೇತಿಯೂ ಸೇರಿ ಐದು ವರ್ಷಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿ: ಶುಲ್ಕ, ಬಸ್ಸಿನ ಪಾಸು, ಕೊಠಡಿ ಬಾಡಿಗೆ, ಪರೀಕ್ಷಾ ಶುಲ್ಕಗಳು, ಮತ್ತು ಆ ಐದು ವರ್ಷ ನೀವು ಮನೆಗೆ ತಂದುಕೊಡಲಾಗದ ದುಡಿಮೆ. ತಂಗಿಯ ಮದುವೆ, ಹೊಲದ ಸಾಲ ಇಂಥವು ಆ ಅವಧಿಯಲ್ಲಿ ಬರುವುದಿದ್ದರೆ ಅದನ್ನೂ ಬರೆಯಿರಿ. ಹೊರಗಿನಿಂದ ಬಡ್ಡಿಗೆ ಹಣ ತಂದು ಬಿ.ಇಡಿ. ಮಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಕಾಲೇಜು ಆರಿಸುವಾಗ ಮೊದಲು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಎರಡೂ ಆ ವರ್ಷಕ್ಕೆ ಚಾಲ್ತಿಯಲ್ಲಿವೆಯೇ ಎಂದು ಪರಿಶೀಲಿಸಿ. ಸರ್ಕಾರಿ ಕೋಟಾದ ಸೀಟಿಗೆ ಕೇಂದ್ರೀಕೃತ ದಾಖಲಾತಿಯ ಮೂಲಕವೇ ಪ್ರಯತ್ನಿಸಿ. ಅರ್ಹರಿದ್ದವರು ವಿದ್ಯಾರ್ಥಿವೇತನಕ್ಕೂ ಅದೇ ವರ್ಷ ಅರ್ಜಿ ಹಾಕಬೇಕು. "ತರಗತಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದು ಕರೆಯುವ ಕಡೆಗೆ ದಯವಿಟ್ಟು ಹೋಗಬೇಡಿ. ಈ ಮಾತನ್ನು ನಾನು ಬೇಡಿಕೊಂಡೇ ಹೇಳುತ್ತೇನೆ, ಏಕೆಂದರೆ ಬಿ.ಇಡಿ.ಯಲ್ಲಿ ನಿಜವಾಗಿ ಕೈಗೆ ಹತ್ತುವುದು ಶಾಲೆಯಲ್ಲಿ ನಡೆಸುವ ಪಾಠಾಭ್ಯಾಸ ಮತ್ತು ಇಂಟರ್ನ್‌ಶಿಪ್. ಹಿಂದಿನ ಬೆಂಚಿನಲ್ಲಿ ಕುಳಿತ ಹಿರಿಯರೊಬ್ಬರು ನಿಮ್ಮ ಪಾಠವನ್ನು ನೋಡಿ, ಹಲಗೆಯ ಕಡೆಗೇ ಮುಖ ಮಾಡಿ ಮಾತನಾಡಿದಿರಿ ಎಂದು ತಿದ್ದುವ ಅವಕಾಶ ಮತ್ತೆ ಸಿಗುವುದಿಲ್ಲ. ನೌಕರಿಗೆ ಸೇರಿದ ಮೇಲೆ ಹಾಗೆ ತಿದ್ದುವವರು ಯಾರೂ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕಾಗದಪತ್ರಗಳನ್ನು ಈಗಲೇ ಸರಿಪಡಿಸಿಕೊಳ್ಳಿ

ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿ ಗೆ ಶೇ 75, ಗ್ರೂಪ್ ಸಿ ಗೆ ಶೇ 80, ಗ್ರೂಪ್ ಡಿ ಗೆ ಶೇ 85ರಷ್ಟು ಸ್ಥಳೀಯರಿಗೆ ಮೀಸಲಿದೆ. ರಾಜ್ಯ ಮಟ್ಟದ ಕಚೇರಿ, ಸಂಸ್ಥೆಗಳ ಹುದ್ದೆಗಳಲ್ಲಿಯೂ ನಮ್ಮವರಿಗೆ ಶೇ 8ರಷ್ಟು ಇದೆ. 2013ರಲ್ಲಿ ಜಾರಿಗೆ ಬಂದ ಈ ಸೌಲಭ್ಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಆಮೇಲೆ ಬೇರೆಯಾದ ವಿಜಯನಗರ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಆದರೆ ಇಲ್ಲಿ ಹುಟ್ಟಿ ಬೆಳೆದವರು ಎಂದಷ್ಟಕ್ಕೇ ಅದು ಸಿಗುವುದಿಲ್ಲ. ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪ್ರಮಾಣಪತ್ರ ನಿಮ್ಮ ಕೈಯಲ್ಲಿರಬೇಕು. ರಾಯಚೂರು ಜಿಲ್ಲೆಯಲ್ಲಿ ರಾಯಚೂರು ಮತ್ತು ಲಿಂಗಸುಗೂರು ಎಂದು ಎರಡು ಉಪವಿಭಾಗಗಳಿವೆ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರಿದೆ ಎಂದು ತಿಳಿದು ಅಲ್ಲಿಯೇ ಅರ್ಜಿ ಕೊಡಿ.

ಇದರ ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರ, ಅಷ್ಟೂ ವರ್ಷ ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಪ್ರಮಾಣಪತ್ರ ಬೇಕು. ಮೂರು ಊರುಗಳ ಶಾಲೆಗಳಲ್ಲಿ ಓದಿದವರು ಮೂರೂ ಕಡೆ ಓಡಾಡಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. 2022ರ ನೇಮಕಾತಿಯಲ್ಲಿ ವಿವಾಹಿತ ಮಹಿಳೆಯರ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಪತಿಯ ಹೆಸರಿನಲ್ಲಿರಬೇಕೋ ಎಂಬ ಪ್ರಶ್ನೆಯೇ ನ್ಯಾಯಾಲಯದವರೆಗೆ ಹೋಯಿತು. ಆದ್ದರಿಂದ ಮದುವೆಯಾದ ಹೆಣ್ಣುಮಕ್ಕಳು ಅಧಿಸೂಚನೆಯ ಆ ಭಾಗವನ್ನು ಎರಡೆರಡು ಸಲ ಓದಿ, ಎರಡನ್ನೂ ಮಾಡಿಸಿಟ್ಟುಕೊಳ್ಳುವುದು ಕ್ಷೇಮ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿ, ಅದು ಸರಿಯಾಗುವಷ್ಟರಲ್ಲಿ ಒಂದು ಅರ್ಜಿಯ ಕೊನೆಯ ದಿನ ಕಳೆದುಹೋಯಿತು. ಮುಂದಿನ ಅಧಿಸೂಚನೆಗೆ ಎಷ್ಟು ಕಾಲ ಕಾದೆನೆಂಬುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ಇಂದೇ ನೋಡಿಕೊಳ್ಳಿ.

ಐದನೆಯ ಹೆಜ್ಜೆ: ಟಿಇಟಿ ಮತ್ತು ಬರವಣಿಗೆ

ಟಿಇಟಿ 150 ಬಹು ಆಯ್ಕೆಯ ಪ್ರಶ್ನೆಗಳ, ಎರಡೂವರೆ ತಾಸಿನ ಪರೀಕ್ಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55 ಸಾಕು. ಒಮ್ಮೆ ಅರ್ಹರಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಹೀಗಾಗಿ ನೇಮಕಾತಿಗೆ ಕಾಯದೆ, ಓದು ಹಸಿಯಾಗಿರುವಾಗಲೇ ಬರೆದು ಮುಗಿಸಿ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ 30 ಅಂಕಗಳನ್ನು ಗೈಡುಗಳಿಂದ ಬಾಯಿಪಾಠ ಮಾಡುವವರು ಸೋಲುವುದನ್ನು ನೋಡಿದ್ದೇನೆ. ಮೊದಲ ಹೆಜ್ಜೆಯಲ್ಲಿ ಹೇಳಿದ ವಹಿ ಇಲ್ಲಿ ನೆರವಿಗೆ ಬರುತ್ತದೆ, ಏಕೆಂದರೆ ಅಲ್ಲಿನ ಪ್ರಶ್ನೆಗಳು 325 ಎಂದು ಬರೆದ ಮಗುವಿನ ಬಗ್ಗೆಯೇ ಇರುತ್ತವೆ.

ಅದರ ಮುಂದಿನ ನೇಮಕಾತಿ ಪರೀಕ್ಷೆಯಲ್ಲಿ ವಿವರವಾಗಿ ಬರೆಯುವ ಪ್ರಶ್ನೆಗಳೂ ಇರುತ್ತವೆ. ವರ್ಷಗಟ್ಟಲೆ ಗುರುತು ಹಾಕಿ ಅಭ್ಯಾಸವಾದ ಕೈ ಅಲ್ಲಿ ತಡವರಿಸುತ್ತದೆ. ಆರರಿಂದ ಹತ್ತನೆಯ ತರಗತಿಯ ಪಠ್ಯಪುಸ್ತಕಗಳನ್ನು ಮೊದಲ ಪುಟದಿಂದ ಓದಿ, ದಿನಕ್ಕೆ ಒಂದು ಪುಟವಾದರೂ ಪುಸ್ತಕ ಮುಚ್ಚಿ ಬರೆಯಿರಿ. ಕೊಪ್ಪಳ ಜಿಲ್ಲೆಯವರಿಗೆ ಮುನಿರಾಬಾದಿನಲ್ಲಿಯೂ ರಾಯಚೂರಿನವರಿಗೆ ಯರಮರಸಿನಲ್ಲಿಯೂ ಬಳ್ಳಾರಿಯವರಿಗೆ ನಗರದಲ್ಲಿಯೇ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ಕೋಚಿಂಗಿಗಾಗಿ ಧಾರವಾಡಕ್ಕೆ ಹೋಗಿ ಕೊಠಡಿ ಹಿಡಿಯುವ ಮೊದಲು ನಿಮ್ಮ ಜಿಲ್ಲೆಯ ಡಯಟ್ ಉಪನ್ಯಾಸಕರನ್ನು ಒಮ್ಮೆ ಕಂಡು ಮಾತನಾಡಿ.

ಆರನೆಯ ಹೆಜ್ಜೆ: ನಡುವಿನ ವರ್ಷಗಳ ಅನ್ನದ ದಾರಿ

ಸರ್ಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಎದುರು ಪ್ರತಿ ವರ್ಷ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಾದ ಮೇಲೂ ಪ್ರಾಥಮಿಕ ಶಾಲೆಯವರಿಗೆ ಗೌರವಧನ ತಿಂಗಳಿಗೆ 12,000 ರೂಪಾಯಿ. ಬೇಸಿಗೆಯ ರಜೆಯಲ್ಲಿ ಅದೂ ಇರುವುದಿಲ್ಲ, ಹಣ ಕೈಸೇರುವುದು ಹಲವು ಸಲ ತಿಂಗಳುಗಳ ಮೇಲೆ. ಖಾಸಗಿ ಶಾಲೆಗಳಲ್ಲಿ ಇದಕ್ಕಿಂತ ಕಡಿಮೆಗೆ ದುಡಿಯುವವರೂ ಇದ್ದಾರೆ. ಗಣಿತ ಅಥವಾ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸಬಲ್ಲವರಿಗೆ ಮಾತ್ರ ಒಂದಿಷ್ಟು ಹೆಚ್ಚು ಸಿಗುತ್ತದೆ. ಈ ಹಣಕ್ಕೆ ಇಷ್ಟು ಕೆಲಸ ಮಾಡಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅನ್ಯಾಯವೆಂದು ತಿಳಿದೂ, ಅನುಭವಕ್ಕಾಗಿ ಒಂದು ಅವಧಿಯನ್ನು ಗೊತ್ತುಮಾಡಿಕೊಂಡು ಹೋಗುವುದಾದರೆ ಹೋಗಬಹುದು. ಸಂಜೆಯ ಟ್ಯೂಷನ್ ಜೊತೆಗಿದ್ದರೆ ಮನೆ ನಡೆಯುತ್ತದೆ.

ಖಾಸಗಿ ಶಾಲೆಗೆ ಸೇರುವಾಗ ನೇಮಕಾತಿ ಪತ್ರವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಿಸಬೇಡಿ. ನಾನು ಮೊದಲು ಸೇರಿದ ಶಾಲೆಯೊಂದರಲ್ಲಿ "ಪರಿಶೀಲನೆಗೆ" ಎಂದು ಇಸಿದುಕೊಂಡ ಮೂಲ ಪ್ರತಿಗಳನ್ನು, ನಾನು ಬಿಟ್ಟು ಹೋಗುತ್ತೇನೆಂದು ತಿಳಿದ ಮೇಲೆ, ಶೈಕ್ಷಣಿಕ ವರ್ಷ ಮುಗಿಯುವವರೆಗೂ ಕೊಡಲಿಲ್ಲ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಅದೇ ಗಳಿಗೆಯಲ್ಲಿ ಚೀಲಕ್ಕೆ ಹಾಕಿಕೊಳ್ಳಿ.

ಏಳನೆಯ ಹೆಜ್ಜೆ: ಸೇರಿದ ಮೇಲಿನ ದಿನಗಳನ್ನು ಮುಂಚೆಯೇ ನೋಡಿ ಬನ್ನಿ

ಕಾಯಂ ಆದವರ ಬದುಕು ನಿಜವಾಗಿಯೂ ನೆಮ್ಮದಿಯದು. 2024ರ ಆಗಸ್ಟ್‌ನಲ್ಲಿ ವೇತನ ಪರಿಷ್ಕರಣೆಯಾದ ಮೇಲೆ ಪ್ರಾಥಮಿಕ ಶಿಕ್ಷಕರ ಮೂಲ ವೇತನವೇ 40,000 ರೂಪಾಯಿ ದಾಟಿದೆ. ಹಳೆಯ ಪಿಂಚಣಿ ಮಾತ್ರ 2006ರ ಏಪ್ರಿಲ್ ನಂತರ ಸೇರಿದವರಿಗೆ ಇಲ್ಲ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಮೊದಲ ಊರು ದಿನಕ್ಕೆ ಎರಡೇ ಬಸ್ಸು ಬರುವ ಊರಾಗಿರಬಹುದು. ಪ್ರಾಥಮಿಕ ಶಿಕ್ಷಕರದು ಜಿಲ್ಲಾ ವೃಂದ, ಪ್ರೌಢಶಾಲೆಯವರದು ವಿಭಾಗದ ವೃಂದವಾದ್ದರಿಂದ ಪ್ರೌಢಶಾಲೆಗೆ ಆಯ್ಕೆಯಾದ ಕೊಪ್ಪಳದವರಿಗೆ ಬೀದರ್ ಜಿಲ್ಲೆಯೂ ಬರಬಹುದು.

ತರಗತಿಯ ಮಾತು ಇನ್ನೊಂದು. ರಾಯಚೂರಿನ ಗಡಿಯಲ್ಲಿ ಮಕ್ಕಳ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಕೆಲವು ಓಣಿಗಳಲ್ಲಿ ಉರ್ದು. ಪುಸ್ತಕದ ಕನ್ನಡ ಕನ್ನಡದ ಮಕ್ಕಳಿಗೂ ಮೊದಮೊದಲು ದೂರದ್ದೇ. ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ದೊಡ್ಡ ಹೆಣ್ಣುಮಕ್ಕಳ ಸಾಲು ಖಾಲಿಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳೇ ಗುಳೆ ಹೋಗುತ್ತವೆ. ಯುಗಾದಿಗೆ ಮರಳಿದ ಮಗುವಿಗೆ ನೀವು ದೀಪಾವಳಿಗೆ ನಿಲ್ಲಿಸಿದ ಪುಟದಿಂದ ಮತ್ತೆ ಕಲಿಸಬೇಕಾಗುತ್ತದೆ. ಇದನ್ನು ತಿಳಿಯಲು ನಿಮ್ಮ ತಾಲ್ಲೂಕಿನಲ್ಲಿ ಹೊಸದಾಗಿ ಸೇರಿದ ಇಬ್ಬರು ಶಿಕ್ಷಕರ ಜೊತೆ ಒಂದೊಂದು ಪೂರ್ತಿ ದಿನ ಕಳೆಯಿರಿ. ಒಬ್ಬರಾದರೂ ಹೆಣ್ಣುಮಗಳಾಗಿರಲಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಸಮೀಕ್ಷೆ, ಚುನಾವಣೆಯ ಕೆಲಸ ಇವುಗಳ ನಡುವೆ ಪಾಠಕ್ಕೆ ಎಷ್ಟು ಹೊತ್ತು ಉಳಿಯುತ್ತದೆ, ಉಳಿದ ಹೊತ್ತನ್ನು ಅವರು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿ.

ಕೊನೆಯ ಹೆಜ್ಜೆ: ಬಿಡುವ ದಿನವನ್ನೂ ಗೊತ್ತುಮಾಡಿ

ಎಷ್ಟು ನೇಮಕಾತಿಗಳನ್ನು ಬರೆಯುತ್ತೀರಿ, ಯಾವ ವಯಸ್ಸಿನವರೆಗೆ ಕಾಯುತ್ತೀರಿ ಎಂಬುದನ್ನು ಓದಿಗೆ ಕೂರುವ ಮೊದಲೇ ಮನೆಯವರೆದುರು ಹೇಳಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ಆ ದಿನ ಬಂದಾಗ ಮುಂದಕ್ಕೆ ಹಾಕುವುದಾದರೆ ಮತ್ತೆ ಅವರೆದುರೇ ಕುಳಿತು ಹಾಕಿ. ಈ ನಡುವೆ ಬ್ಯಾಂಕು, ಗ್ರಾಮ ಆಡಳಿತಾಧಿಕಾರಿ ಮುಂತಾದ ಪರೀಕ್ಷೆಗಳನ್ನು ಬರೆಯುವುದರಿಂದ ಶಿಕ್ಷಕರಾಗುವ ನಿಷ್ಠೆಗೇನೂ ಕುಂದಿಲ್ಲ.

ಕಾರಟಗಿಯ ಹುಡುಗ ಇನ್ನೂ ಅರ್ಜಿ ತುಂಬಿಲ್ಲ. ಗಿರಣಿಯ ಮಾಲೀಕರನ್ನು ಕೇಳಿಕೊಂಡು ಶನಿವಾರ ಬೆಳಿಗ್ಗೆ ಬಿಡುವು ಮಾಡಿಸಿಕೊಂಡಿದ್ದಾನೆ. ತನ್ನೂರಿನ ಶಾಲೆಯಲ್ಲಿ ಐದನೆಯ ತರಗತಿಗೆ ಭಿನ್ನರಾಶಿ ಕಲಿಸುತ್ತಿದ್ದಾನೆ. ಕಳೆದ ವಾರ ಫೋನು ಮಾಡಿ, "ಸರ, ಅರ್ಧಕ್ಕಿಂತ ಕಾಲು ದೊಡ್ಡದು ಅಂತಾರ್ರೀ ಹುಡುಗ್ರು, ಎರಡಕ್ಕಿಂತ ನಾಲ್ಕು ದೊಡ್ಡದಲ್ಲಾ ಅಂತ. ಇವರಿಗೆ ಹೆಂಗ ಹೇಳೂದು?" ಎಂದು ಕೇಳಿದ. ಒಂದು ರೊಟ್ಟಿ ತೆಗೆದುಕೊಂಡು ಹೋಗು ಎಂದು ಹೇಳಿದೆ.